ಅಮ್ಮನ ಜ್ವರಕ್ಕೆ ಕಾವಲಿದ್ದವರಿಗೆ

ಅಮ್ಮನಿಗೆ ಪಾರ್ಶ್ವವಾಯು ಬಡಿದು ಇಂದಿಗೆ ಒಂದು ವರ್ಷ ತುಂಬಿತು. ಬೆಳಿಗ್ಗೆ ಅವರು ಬಲಗೈಯಲ್ಲೇ ತಂಬಿಗೆ ಹಿಡಿದು ತುಳಸಿಗೆ ನೀರೆರೆದುದನ್ನು ಕಂಡಾಗ, ಸ್ಟ್ರೋಕ್ ವಾರ್ಡಿನ ವೈದ್ಯರಿಗೂ ಸಿಸ್ಟರುಗಳಿಗೂ ಸಲ್ಲಬೇಕಾದ ಕೃತಜ್ಞತೆಯನ್ನು ಇನ್ನು ತಡಮಾಡಬಾರದೆನಿಸಿತು.

ಮೊದಲ ರಾತ್ರಿ ನಾನು ವೈದ್ಯರಲ್ಲಿ ಒಂದೇ ಹಠ ಹಿಡಿದಿದ್ದೆ: ಅಮ್ಮನ ಮೈ ತಣ್ಣಗಾಗಿಸಿ ಮೆದುಳನ್ನು ಉಳಿಸಿಕೊಡಿ. ಹುಟ್ಟುವಾಗಲೇ ಉಸಿರುಗಟ್ಟಿದ್ದ ಅಕ್ಕನ ಮಗುವನ್ನು ಮೂರು ದಿನ ಮೈಕಾವು 33.5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ ತಂಪಿನಲ್ಲಿಟ್ಟಿದ್ದುದನ್ನೂ, ಅದು ಬದುಕಿಕೊಂಡುದನ್ನೂ ನಾನು ಕಣ್ಣಾರೆ ಕಂಡಿದ್ದೆ. ವೈದ್ಯರು ಗದರಲಿಲ್ಲ. ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತು, ತಂಪಿನಲ್ಲಿ ಮೆದುಳಿಗೆ ಬೇಕಾಗುವ ಆಮ್ಲಜನಕ ಕಡಿಮೆಯಾಗುವುದು ನಿಜವಾದರೂ ಪಾರ್ಶ್ವವಾಯುವಿನಲ್ಲಿ ಅದರಿಂದ ಪ್ರಯೋಜನವೆಂದು ಇನ್ನೂ ಸಾಬೀತಾಗಿಲ್ಲವೆಂದೂ, 1500 ರೋಗಿಗಳನ್ನು ಸೇರಿಸಿಕೊಳ್ಳಲು ಹೊರಟ ಯುರೋಪಿನ ಪ್ರಯೋಗವೊಂದು 98 ಮಂದಿಗೇ ನಿಂತುಹೋಯಿತೆಂದೂ, ಎಚ್ಚರವಿರುವ ರೋಗಿಗೆ ನಡುಕ ಹತ್ತುವುದು, ನ್ಯುಮೋನಿಯಾ ಆಗುವುದು ಇಂಥ ಅಪಾಯಗಳಿವೆಯೆಂದೂ ತಿಳಿಸಿದರು. "ತಣ್ಣಗೆ ಮಾಡೋದು ಬೇಡಮ್ಮ, ಜ್ವರ ಮಾತ್ರ ಏರೋಕೆ ಬಿಡಲ್ಲ" ಎಂದರು. ಕೇಳಿದ್ದನ್ನು ಕೊಟ್ಟು ಸಮಾಧಾನಪಡಿಸುವುದು ಅವರಿಗೆ ಸುಲಭವಿತ್ತು. ಹಾಗೆ ಮಾಡದೆ ನಿಜ ಹೇಳಿದ ಅವರಿಗೆ ನಾನು ಋಣಿ.

ಆ ಮಾತನ್ನು ಉಳಿಸಿಕೊಟ್ಟವರು ಸಿಸ್ಟರುಗಳು. ನಾಲ್ಕು ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟು ಚಾರ್ಟಿನಲ್ಲಿ ಬರೆಯುತ್ತಿದ್ದರು, 37.5 ಡಿಗ್ರಿ ಮುಟ್ಟಿತೆಂದರೆ ಸುಮ್ಮನಿರುತ್ತಿರಲಿಲ್ಲ. ಎರಡನೆಯ ರಾತ್ರಿ ಎರಡೂವರೆಗೆ 38.2 ಬಂತು. ನುಂಗಿದ್ದು ಶ್ವಾಸನಾಳಕ್ಕೆ ಹೋಗದೆಂದು ಖಚಿತಪಡಿಸುವ ನುಂಗುವ ಪರೀಕ್ಷೆ ಇನ್ನೂ ಆಗಿರಲಿಲ್ಲವಾದ್ದರಿಂದ ಮಾತ್ರೆ ಕೊಡದೆ ಪ್ಯಾರಸಿಟಮಾಲನ್ನು ಡ್ರಿಪ್‌ನಲ್ಲಿ ಏರಿಸಿದರು. ನಾನು ಫ್ಲಾಸ್ಕಿನಲ್ಲಿ ತಂದಿದ್ದ ಗಂಜಿಯನ್ನೂ ಅದೇ ಕಾರಣಕ್ಕೆ ಬದಿಗಿರಿಸಿದ್ದರು. ಐಸ್ ತರಲೇ ಎಂದು ಕೇಳಿದ್ದಕ್ಕೆ, ನಡುಕ ಬಂದರೆ ಮೈ ಇನ್ನಷ್ಟು ಕಾಯುತ್ತದೆ ಎಂದು ಹೇಳಿ, ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆಯದ್ದಿ ಹಿಂಡಿ, ಕುತ್ತಿಗೆ, ಕಂಕುಳು, ಅಂಗೈಗಳನ್ನು ಒರೆಸುವುದನ್ನು ಹೇಳಿಕೊಟ್ಟರು. ಬೆಳಗಿನ ಜಾವಕ್ಕೆ 37.1ಕ್ಕೆ ಇಳಿಯಿತು.

ಇದೇನೂ ಸಣ್ಣ ಕೆಲಸವಲ್ಲವೆಂದು ಆಮೇಲೆ ಓದಿ ತಿಳಿದೆ. ಆಸ್ಟ್ರೇಲಿಯಾದ 19 ಸ್ಟ್ರೋಕ್ ಘಟಕಗಳ ಅಧ್ಯಯನವೊಂದು 2011ರಲ್ಲಿ ಪ್ರಕಟವಾಗಿದೆ. ದಾದಿಯರು ಜ್ವರ, ಸಕ್ಕರೆ, ನುಂಗುವಿಕೆ ಈ ಮೂರನ್ನು ನಿಷ್ಠೆಯಿಂದ ನೋಡಿಕೊಂಡ ಕಡೆ, 90 ದಿನಗಳಲ್ಲಿ ತೀರಿಕೊಂಡವರು ಅಥವಾ ಪರಾವಲಂಬಿಗಳಾದವರು ನೂರಕ್ಕೆ 42, ಉಳಿದೆಡೆ 58.

ಆ ರಾತ್ರಿಯ ಸಿಸ್ಟರ ಹೆಸರನ್ನು ನಾನು ಕೇಳಿಕೊಳ್ಳಲೇ ಇಲ್ಲ. ಮುಂದಿನ ವಾರ ತಪಾಸಣೆಗೆ ಬಂದಾಗ ಅಮ್ಮ ವಾರ್ಡಿಗೂ ನಡೆದೇ ಬರುತ್ತಾರೆ. ದಯವಿಟ್ಟು ಎರಡು ನಿಮಿಷ ಬಿಡುವು ಮಾಡಿಕೊಳ್ಳಿ.