ಗುಡ್ಡದ ಅಳತೆ ಈಗಲೇ ಆಗಲಿ

ಮಾನ್ಯ ಸಂಪಾದಕರೇ,

ನೆಲ ನಡುಗಿದಾಗಲೆಲ್ಲ ನಮ್ಮ ಹಾಸನ ಜಿಲ್ಲೆಯಲ್ಲಿ ಒಂದೇ ಪ್ರಶ್ನೆ: ಎಷ್ಟು ತೀವ್ರತೆ? 2022ರ ಜೂನ್ 23ರ ಬೆಳಗಿನ ಜಾವ ಹೊಳೆನರಸೀಪುರ ತಾಲ್ಲೂಕಿನಲ್ಲಿ ಭೂಮಿ ಕಂಪಿಸಿದಾಗಲೂ 3.4 ಎಂಬ ಅಂಕಿ ಬಂತು, ಮಾತು ಅಲ್ಲಿಗೆ ಮುಗಿಯಿತು. ನೆಲ ಜರುಗಿದೆಯಾ ಅಂತ ಯಾರೂ ಕೇಳಲಿಲ್ಲ. 3.4ಕ್ಕೆ ಅಳೆಯುವಷ್ಟು ಜರುಗುವುದೂ ಇಲ್ಲ ಬಿಡಿ. ಆದರೆ ದೊಡ್ಡದು ಬಂದರೆ? ಹಾಸನ ಕಡಿಮೆ ಅಪಾಯದ ವಲಯ ಎನ್ನುತ್ತಾರೆ. 1993ರಲ್ಲಿ ಭೂಕಂಪಕ್ಕೆ ನೆಲಸಮವಾದ ಮಹಾರಾಷ್ಟ್ರದ ಲಾತೂರಿನ ಕಿಲ್ಲಾರಿಯೂ ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು.

ನೆಲ ಎಷ್ಟು ಜರುಗಿತು ಎಂದು ಈಗ ಲೇಸರ್‌ನಿಂದ ಅಳೆಯುತ್ತಾರೆ. ಇದಕ್ಕೆ ಲೈಡಾರ್ ಎನ್ನುತ್ತಾರೆ. ವಿಮಾನದಿಂದಲೋ ಡ್ರೋನ್‌ನಿಂದಲೋ ಸೆಕೆಂಡಿಗೆ ಲಕ್ಷಗಟ್ಟಲೆ ಲೇಸರ್ ಮಿಡಿತ ಬಿಡುತ್ತಾರೆ. ಹೋಗಿ ಬರಲು ಹಿಡಿದ ಸಮಯದಿಂದ ದೂರ ಸಿಗುತ್ತದೆ. ಕಂಪನಕ್ಕೆ ಮುಂಚಿನ ನಕ್ಷೆ ಮತ್ತು ನಂತರದ ನಕ್ಷೆ, ಎರಡನ್ನೂ ಹೋಲಿಸಿದರೆ ಯಾವ ಜಾಗ ಎತ್ತ ಸರಿಯಿತು, ಎಷ್ಟು ಕುಸಿಯಿತು ಎಂದು ತಿಳಿಯುತ್ತದೆ.

ತೊಡಕು ಇರುವುದು ಆ 'ಮುಂಚಿನ' ನಕ್ಷೆಯಲ್ಲಿ. 2010ರ ಏಪ್ರಿಲ್‌ನಲ್ಲಿ ಮೆಕ್ಸಿಕೋದಲ್ಲಿ 7.2 ತೀವ್ರತೆಯ ಭೂಕಂಪ ಆಯಿತು. ಅಲ್ಲಿನ ಸರ್ಕಾರ 2006ರಲ್ಲೇ, ಬೇರೆ ಕೆಲಸಕ್ಕೆಂದು, ಆ ಪ್ರದೇಶವನ್ನು ಲೇಸರ್‌ನಲ್ಲಿ ಅಳೆದಿತ್ತು. ಅಷ್ಟೇನೂ ಸೂಕ್ಷ್ಮವಲ್ಲದ ಆ ಹಳೆಯ ಅಳತೆಯೇ ಕೈಹಿಡಿಯಿತು. ಕಣ್ಣಿಗೆ ಬಿರುಕೇ ಕಾಣದ ಕಡೆಯೂ ನೆಲ ಬಾಗಿದ್ದು ಗೊತ್ತಾಯಿತು. ಜಪಾನಿನ ಕುಮಾಮೊಟೊದ್ದು ಇನ್ನೂ ಸೋಜಿಗ. 2016ರ ಏಪ್ರಿಲ್ 14ರ ರಾತ್ರಿ ಮೊದಲ ಕಂಪನ. 15ರಂದು ವಿಮಾನ ಹಾರಿಸಿ ಅಳೆದರು. 16ರ ನಸುಕಿಗೆ 7.0 ತೀವ್ರತೆಯ ದೊಡ್ಡದು ಬಂತು. 23ರಂದು ಮತ್ತೆ ಅಳೆದರು. ಅಂಥ ಅದೃಷ್ಟ ನಮಗೂ ಸಿಗುತ್ತದೆ ಅಂತ ಕೂರುವುದು ಬೇಲಿ ಕಿತ್ತುಹೋದ ಮೇಲೆ ಗಡಿ ಎಲ್ಲಿತ್ತು ಎಂದು ಹುಡುಕಿದ ಹಾಗೆ.

ಹಳ್ಳಿ ಮನೆಗಳ ಆಸ್ತಿ ನಕ್ಷೆ ಮಾಡುವ ಸ್ವಾಮಿತ್ವ ಯೋಜನೆಗೆ ಡ್ರೋನ್ ಹಾರಿಸಿದ್ದಾರಲ್ವಾ ಎನ್ನಬಹುದು. ಅದು ಕ್ಯಾಮೆರಾ. ಕಾಫಿ ತೋಟದ ಮೇಲೆ ಕ್ಯಾಮೆರಾಗೆ ಕಾಣುವುದು ಸಿಲ್ವರ್ ಓಕ್ ತುದಿ ಮಾತ್ರ. ಲೇಸರ್ ಮಿಡಿತಗಳಲ್ಲಿ ಕೆಲವು ಎಲೆಗಳ ಸಂದಿಯಿಂದ ನುಸುಳಿ ನೆಲ ಮುಟ್ಟಿ ಬರುತ್ತವೆ. ಎಲೆಯಿಂದ ಬಂದದ್ದನ್ನು ಕಂಪ್ಯೂಟರ್‌ನಲ್ಲಿ ಸೋಸಿ ತೆಗೆದರೆ ಬರಿಯ ಗುಡ್ಡ ಉಳಿಯುತ್ತದೆ. ತೋಟಗಳಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮುಗಿದು ಮಳೆ ಹಿಡಿಯುವ ಮುಂಚೆ ಹಾರಿಸಿದರೆ ಇನ್ನೂ ಒಳ್ಳೆಯದು.

ಭೂಕಂಪ ಬಾರದೇ ಹೋದರೂ ದುಡ್ಡು ದಂಡವಲ್ಲ. ಶಿರಾಡಿ ಘಾಟಿಯ ದೋಣಿಗಲ್‌ನಲ್ಲಿ ಹೆದ್ದಾರಿ ಪದೇ ಪದೇ ಕುಸಿಯುತ್ತಿದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಗುಡ್ಡ ಜಾರುವ ಮುಂಚೆ ಎಷ್ಟೋ ಸಲ ಸ್ವಲ್ಪ ಸ್ವಲ್ಪವೇ ಸರಿಯುತ್ತಿರುತ್ತದೆ. ಎರಡು ಬೇಸಿಗೆಯ ಅಳತೆ ಇಟ್ಟು ನೋಡಿದರೆ ಅಂಥ ಜಾಗ ಕೆಲವಾದರೂ ಸಿಕ್ಕಿಬೀಳುತ್ತವೆ. ಸೆಂಟಿಮೀಟರ್ ಒಂದೆರಡರ ವ್ಯತ್ಯಾಸ ಇದರಲ್ಲಿ ಸಿಗುವುದು ಕಷ್ಟ, ನಿಜ. ಗೇಣು ಸರಿದರೂ ಗೊತ್ತಾಗದ ಈಗಿನ ಸ್ಥಿತಿಗಿಂತ ಮೇಲು.

ಜಿಲ್ಲೆಯಿಡೀ ಬೇಡ. ಶಿರಾಡಿ, ಚಾರ್ಮಾಡಿ ಘಾಟಿಗಳು ಮತ್ತು ಗೊರೂರಿನ ಹೇಮಾವತಿ ಅಣೆಕಟ್ಟೆಯ ಸುತ್ತಮುತ್ತ ಮೊದಲು ಅಳೆಯಲಿ. ಹಾಸನ, ಚಿಕ್ಕಮಗಳೂರು ಜಿಲ್ಲಾಡಳಿತಗಳು ಸೇರಿ ಇದನ್ನು ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರದ ಮುಂದಿಡಲಿ. ಅಳತೆಯ ದತ್ತಾಂಶವನ್ನು ಕಚೇರಿಯ ಬೀರುವಿನಲ್ಲಿ ಇಡದೆ, ಕಾಲೇಜಿನ ಹುಡುಗರೂ ತೆರೆದು ನೋಡುವಂತೆ ಬಿಡಲಿ.

— ಕಾಫಿ ಬೆಳೆಗಾರ, ಸಕಲೇಶಪುರ