ಮೈಸೂರು ನೋಡಕ್ಕೆ ಐದು ದಿನ ಬೇಕಾಯ್ತು

ಮಾನ್ಯ ಸಂಪಾದಕರೇ,

ನಮಸ್ಕಾರ. ನಾನು ಮಂಡ್ಯದವಳು, ಪ್ರೈಮರಿ ಸ್ಕೂಲಲ್ಲಿ 31 ವರ್ಷ ಪಾಠ ಮಾಡಿ ರಿಟೈರ್ ಆಗಿದೀನಿ. ಮೈಸೂರು ಅಂದ್ರೆ ನಮಗೆ ಪಕ್ಕದ ಬೀದಿ ಇದ್ದಂಗೆ, ದೊಡ್ಡಾಸ್ಪತ್ರೆ ಅಂದ್ರೆ ಮೈಸೂರು, ಮದುವೆ ಸೀರೆ ಅಂದ್ರೆ ಮೈಸೂರು, ಬೆಳಿಗ್ಗೆ ಗಾಡಿ ಹತ್ತಿದ್ರೆ ಸಂಜೆ ಗಾಡಿಗೆ ವಾಪಸ್ಸು, ದಸರಾ ಆದ್ರೂ ಅಷ್ಟೇ. ಹಿಂಗೆ ಎಷ್ಟು ನೂರು ಸಲ ಹೋಗಿದೀನೋ ಲೆಕ್ಕ ಇಟ್ಟಿಲ್ಲ. ಆದ್ರೆ ಅಲ್ಲೇ ಉಳ್ಕೊಂಡು, ಯಾವ ಕೆಲಸಾನೂ ಇಟ್ಕೊಳ್ದೆ, ಬರೀ ಊರು ನೋಡಕ್ಕೆ ಅಂತ ಓಡಾಡಿದ್ದು ಹೋದ ತಿಂಗಳೇ ಮೊದಲು. ಅದನ್ನ ಬರೀಬೇಕು ಅನ್ನಿಸ್ತು, ಜೊತೆಗೆ ಒಂದೆರಡು ಬೇಡಿಕೆನೂ ಇದೆ, ದಯವಿಟ್ಟು ಪ್ರಕಟಿಸಿ.

ನಮ್ಮಕ್ಕನ್ನ ಧಾರವಾಡಕ್ಕೆ ಕೊಟ್ಟು 40 ವರ್ಷದ ಮೇಲಾಯ್ತು. ದಸರಾ ಗಲಾಟೆ ಎಲ್ಲಾ ಮುಗಿದ್ಮೇಲೆ ಬಂದಿದ್ಲು, ಬಂದೋಳು "ತಂಗಿ, ಈ ಸಲ ನನಗ ಮೈಸೂರು ಸಾವಕಾಶ ತೋರಸು, ಓಡಿಸಿಕೊಂಡು ಹೋಗಬ್ಯಾಡ" ಅಂದ್ಲು. ಅವಳಿಗೆ ಮೊಣಕಾಲು ನೋವು, ನನಗೆ ಬಿಪಿ, ಇಬ್ಬರಿಗೂ ಓಡೋ ವಯಸ್ಸಲ್ಲ. ಚಾಮರಾಜಪುರಂನಲ್ಲಿ ನನ್ನ ಹಳೇ ಗೆಳತಿ ಮನೆ ಮಹಡಿ ಮೇಲಿನ ರೂಮು ಖಾಲಿ ಇತ್ತು, ಅಲ್ಲೇ ಐದು ದಿನ ಠಿಕಾಣಿ ಹಾಕಿದ್ವಿ. ದಿನಕ್ಕೆ ಒಂದೇ ಜಾಗ, ಜಾಸ್ತಿ ಅಂದ್ರೆ ಎರಡು, ಮಧ್ಯಾಹ್ನ ಊಟ ಆದ್ಮೇಲೆ ಒಂದು ನಿದ್ದೆ, ಇಷ್ಟೇ ನಮ್ಮ ಪ್ಲಾನು.

ಭಾನುವಾರ ಬೆಳಿಗ್ಗೆ ಹತ್ತಕ್ಕೆಲ್ಲ ಅರಮನೆ ಬಾಗಿಲಲ್ಲಿದ್ವಿ. ಕಲ್ಯಾಣ ಮಂಟಪ ಇದೆಯಲ್ಲ, ಎಂಟು ಮೂಲೆದು, ಮೇಲೆ ನವಿಲಿನ ಚಿತ್ತಾರದ ಬಣ್ಣದ ಗಾಜು, ಗ್ಲಾಸ್ಗೋದಿಂದ ತರಿಸಿದ ಎರಕದ ಕಬ್ಬಿಣದ ಕಂಬಗಳು, ಅದರ ಸುತ್ತ ಗೋಡೆ ಮೇಲೆ ದಸರಾ ಮೆರವಣಿಗೆ ಚಿತ್ರಗಳನ್ನ ಸಾಲಾಗಿ ಬರೆದಿದಾರೆ. ಫೋಟೋ ಇಟ್ಕೊಂಡು ಬರೆಸಿದ್ದಂತೆ, ಅದಕ್ಕೇ ಅಲ್ಲಿರೋ ಒಂದೊಂದು ಮುಖಾನೂ ಯಾರೋ ನಿಜವಾಗಿ ಬದುಕಿದ್ದೋರ ಮುಖ, ಪೇಟ ಕಟ್ಟಿರೋ ರೀತಿ ಒಬ್ಬರದಿದ್ದಂಗೆ ಒಬ್ಬರದಿಲ್ಲ, ಕುದುರೆ ಹಿಡಿದಿರೋನು ಬೇರೆ ಕಡೆ ನೋಡ್ತಿದಾನೆ, ಮಹಡಿ ಮೇಲಿಂದ ಜನ ಬಗ್ಗಿ ನೋಡ್ತಿದಾರೆ. ಅಕ್ಕ ಒಂದೊಂದು ಚಿತ್ರದ ಮುಂದೆ ಐದೈದು ನಿಮಿಷ ನಿಂತ್ಲು. ಮುಗಿಸಕ್ಕೆ ಒಂದು ಗಂಟೆ ಮೇಲಾಯ್ತು.

ಅಲ್ಲಿ ನಿಂತಿದ್ದಾಗ ನನಗೊಂದು ನೆನಪಾಗಿ ಹೊಟ್ಟೆಯೆಲ್ಲ ಕಿವುಚಿದಂಗಾಯ್ತು. ಸರ್ವೀಸಲ್ಲಿ ಎಷ್ಟು ಸಲ ಮಕ್ಕಳನ್ನ ಮೈಸೂರು ಪ್ರವಾಸಕ್ಕೆ ಕರ್ಕೊಂಡು ಬಂದಿದೀನಿ! ಒಂದೇ ದಿನ, ಬೆಳಿಗ್ಗೆ ಝೂ, ಆಮೇಲೆ ಅರಮನೆ, ಬೆಟ್ಟ, ಸಂಜೆ ಕೆಆರ್‌ಎಸ್ ಲೈಟು, ರಾತ್ರಿ ಮನೆ. ಅರಮನೆಗೆ ಮುಕ್ಕಾಲು ಗಂಟೆ ಅಂತ ಬಸ್ಸಿನೋನು ಹೇಳಿದ್ರೆ ಮುಕ್ಕಾಲೇ ಗಂಟೆ. ಒಂದು ವರ್ಷ ನಾಲ್ಕನೇ ಕ್ಲಾಸಿನ ಹುಡುಗ ಒಬ್ಬ ಇದೇ ಚಿತ್ರದ ಸಾಲಿನ ಮುಂದೆ ನಿಂತ್ಕೊಂಡು "ಮಿಸ್, ಈ ಆನೆ ಹೆಸರೇನು ಮಿಸ್" ಅಂತ ಕೇಳ್ದ. ಆಮೇಲೆ ಹೇಳ್ತೀನಿ ಬಾರೋ ಅಂತ ಅವನ ರಟ್ಟೆ ಹಿಡಿದು ಎಳ್ಕೊಂಡು ಬಂದೆ, ಹೊರಗಡೆ ಬಸ್ಸು ಹಾರನ್ ಹೊಡೀತಿತ್ತು. ಆಮೇಲೆ ಹೇಳಲೂ ಇಲ್ಲ, ನನಗೆ ಗೊತ್ತೂ ಇರಲಿಲ್ಲ, ತಿಳ್ಕೊಳ್ಳಕ್ಕೂ ಹೋಗ್ಲಿಲ್ಲ. ಅವನು ಈಗ ಎಲ್ಲಿದಾನೋ. ಆ ಮಗೂಗೆ ನಾನು ಅನ್ಯಾಯ ಮಾಡ್ದೆ ಅಂತ ಆವತ್ತು ಅದೇ ಗೋಡೆ ಮುಂದೆ ನಿಂತಾಗ ಅನ್ನಿಸ್ತು.

ಸಂಜೆ ಮತ್ತೆ ಅರಮನೆ ಹತ್ರಾನೇ ಬಂದು ಮೈದಾನದಲ್ಲಿ ನಿಂತ್ವಿ, ಏಳು ಗಂಟೆಗೆ ದೀಪ ಹಾಕ್ತಾರಲ್ಲ ಅದಕ್ಕೆ. ಹತ್ತತ್ರ 1 ಲಕ್ಷ ಬಲ್ಬು ಒಂದೇ ಸಲಕ್ಕೆ ಹತ್ಕೊಂಡಾಗ ಮೈದಾನದಲ್ಲಿದ್ದ ಅಷ್ಟೂ ಜನರ ಬಾಯಿಂದ ಹೋ ಅಂತ ಒಂದು ಶಬ್ದ ಬಂತು ನೋಡಿ, ಅಕ್ಕ ನನ್ನ ಕೈನ ಗಟ್ಟಿಯಾಗಿ ಹಿಡ್ಕೊಂಬಿಟ್ಲು, ಆರೋವರೆಗೂ ಬಿಡಲಿಲ್ಲ.

ಮಾರನೇ ದಿನ ಜಗನ್ಮೋಹನ ಅರಮನೆ. ಎಲ್ಲರ ಥರ ನಾವೂ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಕ್ಕೇ ಹೋದದ್ದು. ಅದನ್ನ ರವಿವರ್ಮ ಬರೆದಿದ್ದು ಅಂತ ಎಷ್ಟೋ ಜನ ಅಂದ್ಕೊಂಡಿದಾರೆ, ನಾನೂ ಮಕ್ಕಳಿಗೆ ಹಂಗೇ ಹೇಳ್ಕೊಟ್ಟಿದ್ದೆ, ಆದ್ರೆ ಅದು ಎಸ್.ಎಲ್. ಹಳದಣಕರ್ ಅನ್ನೋರು ತಮ್ಮ ಸ್ವಂತ ಮಗಳನ್ನ ನಿಲ್ಲಿಸ್ಕೊಂಡು ಬರೆದದ್ದು. ದೀಪಕ್ಕೆ ಅಡ್ಡ ಹಿಡಿದ ಕೈಬೆರಳ ಸಂದೀಲಿ ಕೆಂಪಗೆ ಬೆಳಕು ಸೋರತ್ತಲ್ಲ, ನಮ್ಮನೇಲಿ ಕರೆಂಟ್ ಹೋದಾಗ ಅಮ್ಮ ಬುಡ್ಡಿ ಹಿಡ್ಕೊಂಡು ಅಡುಗೆಮನೆಯಿಂದ ಬರ್ತಿದ್ದಾಗ ಹಿಂಗೇ ಕಾಣ್ತಿತ್ತು ಅಂತ ಅಕ್ಕ ಅಂದ್ಲು. ನನಗೆ ಅದು ಮರ್ತೇ ಹೋಗಿತ್ತು.

ಅಲ್ಲಿಂದ ಬಂದ್ಮೇಲೆ ರಾತ್ರಿ ಊಟದ ಹೊತ್ನಲ್ಲಿ ಗೆಳತಿ ಯಜಮಾನ್ರು ಹೇಳಿದ ವಿಷಯ ಕೇಳಿ, ಅವರು ಇತಿಹಾಸ ಓದಿಕೊಂಡಿರೋರು, ನಮ್ಮ ಐದು ದಿನಾನೂ ಒಂದು ದಾರಕ್ಕೆ ಪೋಣಿಸಿದಂಗಾಯ್ತು. 1894ರ ಡಿಸೆಂಬರಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತಾಗೆ ಹೋದೋರು ಅಲ್ಲೇ ತೀರ್ಕೊಂಡ್ರು, ಮಗ ನಾಲ್ವಡಿಯವರಿಗೆ ಆಗ ಬರೀ 10 ವರ್ಷ. ಹೆಂಡತಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ ಅಂತೀವಲ್ಲ ಅವರು, ರೀಜೆಂಟ್ ಆಗಿ ರಾಜ್ಯ ನೋಡ್ಕೊಂಡ್ರು. 1897ರಲ್ಲಿ ದೊಡ್ಡ ಮಗಳು ಜಯಲಕ್ಷಮ್ಮಣ್ಣಿ ಮದುವೆ. ಮದುವೆ ಸಂಭ್ರಮದಲ್ಲೇ ಬೆಂಕಿ ಬಿದ್ದು ಮರದ ಹಳೇ ಅರಮನೆ ಸುಟ್ಟುಹೋಯ್ತು. ಗಂಡ ಹೋಗಿ ಮೂರು ವರ್ಷ ತುಂಬಿಲ್ಲ, ಮಗಳ ಮದುವೆ ಮನೆ ಬೂದಿ! ಆಮೇಲೆ ಮನೆತನ ಎಲ್ಲ ಬಂದು ಇದ್ದದ್ದು ಮುಮ್ಮಡಿಯವರು 1861ರಲ್ಲಿ ಕಟ್ಟಿಸಿದ್ದ ಇದೇ ಜಗನ್ಮೋಹನ ಅರಮನೇಲಿ, ನಾವು ಬೆಳಿಗ್ಗೆ ಚಪ್ಪಲಿ ಬಿಟ್ಟು ಓಡಾಡಿ ಬಂದಿದ್ವಲ್ಲ ಅಲ್ಲೇ. 1902ರಲ್ಲಿ ನಾಲ್ವಡಿಯವರ ಪಟ್ಟಾಭಿಷೇಕ ನಡೆದಿದ್ದೂ ಅಲ್ಲೇ. ಹೆನ್ರಿ ಇರ್ವಿನ್ ಅನ್ನೋ ಎಂಜಿನಿಯರ್‌ಗೆ ಹೇಳಿ ಹೊಸ ಅರಮನೆ ಶುರು ಮಾಡಿಸಿದ್ದು ಆ ತಾಯಿ, 1912ರಲ್ಲಿ ಮುಗೀತು, ಸುಮಾರು 41 ಲಕ್ಷ ಖರ್ಚು. ಅದರ ಮಧ್ಯೇನೇ ಅವರ ಆಡಳಿತದಲ್ಲೇ ನಮ್ಮ ಮಂಡ್ಯ ಜಿಲ್ಲೆ ಶಿವನಸಮುದ್ರದಲ್ಲಿ ಕರೆಂಟ್ ತಯಾರಾಗಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯ್ತು, ಚಿತ್ರದುರ್ಗದ ಕಡೆ ಮಾರಿಕಣಿವೆ ಡ್ಯಾಮಿನ ಕೆಲಸ ಶುರುವಾಯ್ತು, ಅದಕ್ಕೇ ಅದು ವಾಣಿವಿಲಾಸ ಸಾಗರ.

ನಾನು ವಾಣಿವಿಲಾಸ ರಸ್ತೆ, ವಾಣಿವಿಲಾಸ ನೀರು ಸರಬರಾಜು ಅಂತೆಲ್ಲ ಬೋರ್ಡ್ ಓದಿದೀನೇ ಹೊರತು ಆ ಹೆಸರಿನ ಹಿಂದೆ ಇಷ್ಟು ಕಷ್ಟ ನುಂಗಿದ ಒಬ್ಬ ಹೆಣ್ಮಗಳಿದಾಳೆ ಅಂತ ಯೋಚನೆ ಮಾಡಿರಲಿಲ್ಲ. ಅಕ್ಕನೂ ಚಿಕ್ಕ ವಯಸ್ಸಿಗೇ ಗಂಡನ್ನ ಕಳ್ಕೊಂಡು ಮೂರು ಮಕ್ಕಳನ್ನ ಸಾಕಿದೋಳು. ಆವತ್ತು ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ, ನನಗೂ ಬರಲಿಲ್ಲ.

ಬೆಟ್ಟಕ್ಕೆ ಹೋಗಿದ್ದು ಒಂದು ಉಪಾಯ ಮಾಡಿ, ಮೊಣಕಾಲು ನೋವಿರೋರಿಗೆ ಉಪಯೋಗ ಆಗಬಹುದು ಅಂತ ಹೇಳ್ತೀನಿ. ಸಾವಿರ ಮೆಟ್ಟಿಲು ಹತ್ತೋ ಶಕ್ತಿ ನಮಗಿಲ್ಲ, ಸಿಟಿ ಬಸ್‌ಸ್ಟ್ಯಾಂಡಲ್ಲಿ 201 ನಂಬರ್ ಬಸ್ಸು ಹತ್ತಿ ಮೇಲೆ ಹೋದ್ವಿ, ತಾಯಿ ದರ್ಶನ ಮಾಡ್ಕೊಂಡು ವಾಪಸ್ ಬರುವಾಗ ಮೆಟ್ಟಿಲ ಮೇಲೆ ನಿಧಾನಕ್ಕೆ ಕೂತು ಎದ್ದು ನಂದಿವರೆಗೆ ಮಾತ್ರ ಇಳಿದ್ವಿ, ಮೇಲಿಂದ ಬರೀ 300 ಮೆಟ್ಟಿಲು. ನಂದಿ ಹತ್ರಕ್ಕೆ ರಸ್ತೆನೂ ಬರತ್ತೆ, ಆಟೋ ಸಿಗತ್ತೆ. ಒಂದೇ ಬಂಡೇಲಿ ಕಡೆದ ಆ ನಂದಿ ಕೊರಳಿನ ಗಂಟೆ ಸರ ನೋಡಿ, ಕಲ್ಲು ಅನ್ಸಲ್ಲ, ಅಲ್ಲಾಡಿಸಿದ್ರೆ ಸದ್ದಾಗತ್ತೇನೋ ಅನ್ಸತ್ತೆ. ಅಲ್ಲಿ ನೆರಳಲ್ಲಿ ಕೂತು ಗೆಳತಿ ಕಟ್ಟಿಕೊಟ್ಟಿದ್ದ ಚಿತ್ರಾನ್ನ ತಿಂದ್ವಿ, ಕೆಳಗೆ ಇಡೀ ಊರು ಕಾಣ್ತಿತ್ತು.

ಝೂ, ಕಾರಂಜಿ ಕೆರೆ, ಫಿಲೋಮಿನಾ ಚರ್ಚು ಎಲ್ಲಾ ನೋಡಿದ್ವಿ, ಅದನ್ನೆಲ್ಲ ಬರೆಯಲ್ಲ, ಎಲ್ಲರಿಗೂ ಗೊತ್ತಿರೋದೇ.

ಆದ್ರೆ ದೇವರಾಜ ಮಾರ್ಕೆಟ್ ಬಗ್ಗೆ ಬರೀದೇ ಇರಕ್ಕಾಗಲ್ಲ. ಎರಡು ಬೆಳಿಗ್ಗೆ ಅಲ್ಲೇ ಕಳೆದ್ವಿ. ಕುಂಕುಮ ಅರಿಶಿನ ಗೋಪುರದ ಥರ ಪೇರಿಸಿಟ್ಟಿರೋ ಸಾಲು, ಬಾಳೆಹಣ್ಣಿನ ಸಾಲು, ಚಿಗುರೆಲೆ ಕಟ್ಟಿನ ವಾಸನೆ. ಹೂವಿನ ಸಾಲಲ್ಲಿ ವಯಸ್ಸಾದೋರೊಬ್ಬರು ಮಲ್ಲಿಗೆನ ಮಾರು ಹಾಕ್ತಿದ್ರು, ಎರಡು ತೋಳೂ ಅಗಲ ಚಾಚಿ ಅಳೆದು, ಕತ್ತರಿಸೋ ಮುಂಚೆ ಇನ್ನೊಂದು ಗೇಣು ಬಿಟ್ಟು ಕತ್ತರಿಸ್ತಿದ್ರು. ಯಾಕಪ್ಪ ಜಾಸ್ತಿ ಕೊಡ್ತಿದೀಯ ಅಂತ ಅಕ್ಕ ಕೇಳಿದ್ದಕ್ಕೆ "ನಮ್ಮಪ್ಪ ಹಿಂಗೇ ಕೊಡ್ತಿದ್ರು ಕಣಮ್ಮ, ಇದೇ ಜಾಗದಲ್ಲಿ ಕೂತ್ಕೊಂಡು" ಅಂದ್ರು. ಆ ಕಟ್ಟಡದ ಒಂದು ಭಾಗ 2016ರಲ್ಲಿ ಕುಸಿದು ಬಿತ್ತು, ಅದಕ್ಕೂ ಮುಂಚೆ 2012ರಲ್ಲಿ ಅಲ್ಲೇ ಹತ್ರದ ಹಳೇ ಕಟ್ಟಡ ಲ್ಯಾನ್ಸ್‌ಡೌನ್ ಬಿಲ್ಡಿಂಗಿನ ಒಂದು ಭಾಗ ಕುಸಿದು ನಾಲ್ಕು ಜನ ಸತ್ತೇಹೋದ್ರು. ಉಳಿಸ್ಬೇಕೋ ಕೆಡವಬೇಕೋ ಅನ್ನೋ ಮಾತು ವರ್ಷಗಳಿಂದ ನಡೀತಾನೇ ಇದೆ. ನಾನು ಎಂಜಿನಿಯರ್ ಅಲ್ಲ, ಜನರ ಜೀವ ಮೊದಲು ಅನ್ನೋದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅಪ್ಪ ಕೂತ ಜಾಗದಲ್ಲೇ ಮಗ ಕೂತು ಒಂದು ಗೇಣು ಹೂವು ಜಾಸ್ತಿ ಕೊಡೋ ಮಾರ್ಕೆಟ್ಟು ಒಂದು ಸಲ ಹೋದ್ರೆ ಮತ್ತೆ ಯಾವ ಸಿಮೆಂಟಲ್ಲೂ ಕಟ್ಟಕ್ಕಾಗಲ್ಲ. ಗಟ್ಟಿ ಮಾಡಿ ಉಳಿಸಿ ಅಂತ ಕೈಮುಗಿದು ಕೇಳ್ತೀನಿ.

ಮಾರ್ಕೆಟ್ಟಿಂದ ಅರಮನೆ ಕಡೆ ನಡೀತಾ ಬಂದು ದೊಡ್ಡ ಗಡಿಯಾರದ ಹತ್ರ ಅಕ್ಕ ಸುಸ್ತಾಗಿ ನಿಂತ್ಲು, ಕೂರಕ್ಕೆ ಎಲ್ಲೂ ಜಾಗ ಇಲ್ಲ, ಕೊನೆಗೆ ಒಂದು ಅಂಗಡಿಯೋರು ಸ್ಟೂಲು ಕೊಟ್ರು. ಅಲ್ಲಿ ಕೂತು ತಲೆ ಎತ್ತಿ ನೋಡಿದ್ಲು, "ಏ ಇಲ್ನೋಡ, ಗಡಿಯಾರದಾಗ ಕನ್ನಡ ಅಂಕಿ ಅದಾವು!" ಹೌದು, ನಾಲ್ವಡಿಯವರ ಆಡಳಿತದ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿಸಿದ ಗೋಪುರ ಅದು, ನಾನು ಅದರ ಕೆಳಗೆ ಎಷ್ಟು ಸಲ ಬಸ್ಸಿಗೆ ಓಡಿದೀನಿ, ಟೈಮ್ ನೋಡಿದೀನಿ, ಅಂಕಿ ನೋಡಿರಲಿಲ್ಲ.

ಕೊನೇ ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕ್ ಮಾಡಿ ಮಾನಸಗಂಗೋತ್ರಿಗೆ ಹೋದ್ವಿ, ಅಲ್ಲಿ ಜಯಲಕ್ಷ್ಮಿವಿಲಾಸ ಇದೆ, ಈಗ ಜಾನಪದ ಮ್ಯೂಸಿಯಂ. ಅದು ಅದೇ ಜಯಲಕ್ಷಮ್ಮಣ್ಣಿಯವರಿಗೆ ಅಂತ ಕಟ್ಟಿಸಿದ ಬಂಗಲೆ, ಮದುವೇಲಿ ಅರಮನೆ ಸುಟ್ಟುಹೋಯ್ತಲ್ಲ ಆ ಮದುಮಗಳಿಗೆ! ನಾವು ಹೋದಾಗ ಒಳಗೆ ಪೂರ್ತಿ ನೋಡಕ್ಕಾಗಲಿಲ್ಲ, ಮುಂದಿನ ಕಂಬಗಳ ಸಾಲನ್ನೇ ನೋಡ್ತಾ ಮರದ ಕೆಳಗೆ ತುಂಬಾ ಹೊತ್ತು ಕೂತಿದ್ವಿ. ಸದ್ಯ ಆ ಮಗಳಿಗೆ ಒಂದು ಚಂದದ ಮನೆ ಸಿಕ್ತಲ್ಲ ಅಂತ ಅಕ್ಕ ಅಂದ್ಲು, ತನ್ನ ಮಗಳ ಬಗ್ಗೆ ಹೇಳೋ ಥರ. ಒಂದೇ ದಿನಕ್ಕೆ ಬಂದಿದ್ರೆ ಈ ಮನೆ ನಮ್ಮ ಲಿಸ್ಟಲ್ಲೇ ಇರ್ತಿರಲಿಲ್ಲ, ಇದ್ರೂ ಯಾರ ಮನೆ ಅಂತ ಗೊತ್ತಾಗ್ತಿರಲಿಲ್ಲ.

ಈಗ ನನ್ನ ಬೇಡಿಕೆ. ಜಗನ್ಮೋಹನ ಅರಮನೆ, ದೊಡ್ಡ ಅರಮನೆ, ಜಯಲಕ್ಷ್ಮಿವಿಲಾಸ, ಈ ಮೂರೂ ಒಂದೇ ತಾಯಿ ಕಥೆಯ ಮೂರು ಜಾಗ. ಮೂರೂ ಕಡೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ನಾಲ್ಕನೇ ಕ್ಲಾಸ್ ಮಗು ಓದೋ ಹಂಗೆ ಆ ಕಥೆ ಬರೆಸಿ ಬೋರ್ಡ್ ಹಾಕಿ, ಮುಂದಿನದು ನೋಡಕ್ಕೆ ಎಲ್ಲಿಗೆ ಹೋಗ್ಬೇಕು ಅಂತಾನೂ ಬರೀರಿ. ಅರಮನೆಯಿಂದ ಮಾರ್ಕೆಟ್‌ವರೆಗೆ ವಯಸ್ಸಾದೋರು ಕೂರಕ್ಕೆ ನಾಲ್ಕು ಕಲ್ಲುಬೆಂಚು, ಕುಡಿಯೋ ನೀರು, ಹೆಂಗಸರು ಹೋಗಬಹುದಾದಂಥ ಕ್ಲೀನಾಗಿರೋ ಶೌಚಾಲಯ. ಇದಕ್ಕೆ ಕೋಟಿಗಟ್ಟಲೆ ಬೇಡ.

ನನ್ನ ಜೊತೆ ಕೆಲಸ ಮಾಡಿದ, ಈಗಲೂ ಮಾಡ್ತಿರೋ ಟೀಚರ್‌ಗಳಿಗೆ ಒಂದು ಮಾತು. ಡಿಸೆಂಬರ್ ಬಂತು, ಪ್ರವಾಸ ಶುರುವಾಗತ್ತೆ. ಒಂದೇ ದಿನ ಇದ್ರೆ ಒಂದೇ ಜಾಗ ನೋಡ್ಸಿ, ಉಳಿದಿದ್ದು ಮುಂದಿನ ವರ್ಷಕ್ಕಿರಲಿ. ಬಸ್ಸಿನೋರ ಹತ್ರ ಮೊದಲೇ ಮಾತಾಡ್ಕೊಳ್ಳಿ, ಅರಮನೆಗೆ ಮೂರು ಗಂಟೆ ಬೇಕು ಅಂತ. ನಮ್ಮ ಹಳೇ ಸ್ಕೂಲಿನ ಹೆಡ್‌ಮೇಡಂಗೆ ಈಗಾಗ್ಲೇ ಹೇಳಿದೀನಿ, ಈ ವರ್ಷ ನಾಲ್ಕನೇ ಕ್ಲಾಸಿನ ಜೊತೆ ನನ್ನ ಖರ್ಚಲ್ಲಿ ನಾನೂ ಬರ್ತೀನಿ ಅಂತ, ಒಪ್ಕೊಂಡಿದಾರೆ. ಅಷ್ಟರೊಳಗೆ ಆ ಚಿತ್ರದಲ್ಲಿರೋ ಆನೆಗಳ ಹೆಸರು ತಿಳ್ಕೋಬೇಕು. ನಿಮ್ಮ ಓದುಗರಲ್ಲಿ ಹಳಬರು ಯಾರಾದ್ರೂ ಗೊತ್ತಿರೋರು ಇದ್ರೆ ಇದೇ ಅಂಕಣಕ್ಕೆ ಬರೀಲಿ, ಕಾಯ್ತಿರ್ತೀನಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ,
ಮಂಡ್ಯ