ಕಾಲ್‌ಸೈನ್ ಹಿಡಿದದ್ದು ಕಿವಿಯೋ, ಕಂಪ್ಯೂಟರೋ?

ಸಂಪಾದಕರಿಗೆ,

ಮಾನ್ಯರೇ,

ಹ್ಯಾಮ್ (ಹವ್ಯಾಸಿ) ರೇಡಿಯೊದಲ್ಲಿ ಆದಷ್ಟು ಹೆಚ್ಚು ಸ್ಟೇಷನ್‌ಗಳನ್ನು ಸಂಪರ್ಕಿಸುವ ಸ್ಪರ್ಧೆಗಳ ವಿಷಯ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ‘ಈಗ ಎಲ್ಲವನ್ನೂ ಕಂಪ್ಯೂಟರೇ ಮಾಡುತ್ತದೆ, ಆಪರೇಟರ್ ಹೆಸರಿಗಷ್ಟೇ’ ಎಂಬುದು ಒಂದು. ‘ಕಂಪ್ಯೂಟರ್ ಬಂದಮೇಲೆ ಆಟವೇ ಕೆಟ್ಟುಹೋಯಿತು’ ಎಂಬುದು ಇನ್ನೊಂದು. ಎರಡೂ ಅರೆಬರೆ ತಿಳಿದು ಆಡುವ ಮಾತು. ಎದುರಿನ ಸ್ಟೇಷನ್ನಿನ ಕಾಲ್‌ಸೈನ್ (ಅದನ್ನು ಗುರುತಿಸುವ ಅಕ್ಷರ-ಅಂಕಿಗಳು) ಆಪರೇಟರನ ಕಿವಿಯಿಂದ ಲಾಗ್‌ಗೆ, ಅಂದರೆ ಸಂಪರ್ಕಗಳ ದಾಖಲೆಗೆ, ಹೋಯಿತೋ ಅಥವಾ ಬೇರೆಲ್ಲೋ ಕೂತ ತಂತ್ರಾಂಶದಿಂದ ಬಂದು ಬಿತ್ತೋ ಎಂಬುದನ್ನು ಕೇಳಬೇಕು. ಗೆರೆ ಎಳೆಯಬೇಕಾದದ್ದು ಅಲ್ಲಿ.

ಪರಿಚಯವಿಲ್ಲದವರಿಗೆ ಚುಟುಕಾಗಿ ಹೇಳುವುದಾದರೆ, ದೂರದ ಸ್ಟೇಷನ್‌ಗಳನ್ನು ಸಂಪರ್ಕಿಸುವ ಸಿಕ್ಯೂ ವರ್ಲ್ಡ್‌ವೈಡ್ ಡಿಎಕ್ಸ್ ಸ್ಪರ್ಧೆ 48 ಗಂಟೆ ನಡೆಯುತ್ತದೆ. ಅಕ್ಟೋಬರ್ ಕೊನೆಯ ವಾರಾಂತ್ಯ ಧ್ವನಿಗೆ, ನವೆಂಬರ್ ಕೊನೆಯ ಪೂರ್ಣ ವಾರಾಂತ್ಯ ಮೋರ್ಸ್‌ಗೆ ಮೀಸಲು. 160 ಮೀಟರ್‌ನಿಂದ 10 ಮೀಟರ್‌ವರೆಗೆ ಆರು ಬ್ಯಾಂಡ್ (ತರಂಗಾಂತರದ ಪಟ್ಟಿ). ಸಿಗ್ನಲ್ ವರದಿಯ ಜೊತೆಗೆ ಜಗತ್ತನ್ನು ಹಂಚಿದ 40 ವಲಯಗಳಲ್ಲಿ ತಮ್ಮ ವಲಯ ಯಾವುದೆಂದು ಇಬ್ಬರೂ ಹೇಳಿಕೊಂಡರೆ ಒಂದು ಸಂಪರ್ಕ ಮುಗಿಯಿತು. ಬೇರೆ ಖಂಡದ ಸ್ಟೇಷನ್ ಸಿಕ್ಕರೆ 3 ಅಂಕ. ಪ್ರತಿ ಬ್ಯಾಂಡ್‌ನಲ್ಲೂ ಸಿಕ್ಕ ಹೊಸ ದೇಶ, ಹೊಸ ವಲಯಗಳ ಒಟ್ಟು ಸಂಖ್ಯೆಯಿಂದ ಅಂಕಗಳನ್ನು ಗುಣಿಸುತ್ತಾರೆ. ಈ ಗುಣಕಗಳಿಗೆ ಮಲ್ಟಿಪ್ಲೈಯರ್ ಎನ್ನುತ್ತಾರೆ. ಜಗಳವೆಲ್ಲ ಇವುಗಳ ಬೆನ್ನುಹತ್ತುವುದರಲ್ಲೇ ಹುಟ್ಟುವುದು.

ಯಂತ್ರ ಮಾಡುವ ಕೆಲಸಗಳಲ್ಲಿ ಯಾರೂ ತಕರಾರು ತೆಗೆಯಬಾರದ ಒಂದಷ್ಟಿವೆ. ಸಮಯ ದಾಖಲಿಸುವುದು, ಈ ಸ್ಟೇಷನ್ ಆಗಲೇ ಸಿಕ್ಕಿದೆಯೇ ಎಂದು ನೋಡುವುದು, ಎಫ್1 ಒತ್ತಿದರೆ ಸಿಕ್ಯೂ (‘ಯಾರಾದರೂ ಉತ್ತರಿಸಿ’ ಎಂಬ ಕರೆ), ಎಫ್2 ಒತ್ತಿದರೆ ವರದಿ ಕಳಿಸುವುದು ಇಂಥವು. ಎರಡು ಸಾವಿರ ಬಾರಿ 5ಎನ್‌ಎನ್ (599 ಎಂಬ ಸಿಗ್ನಲ್ ವರದಿಯ ಚುಟುಕು ರೂಪ) ಎಂದು ಕೈಯಲ್ಲೇ ಬಡಿಯುವುದರಲ್ಲಿ ಕೌಶಲವೇನಿಲ್ಲ, ಮಣಿಕಟ್ಟಿನ ನೋವಷ್ಟೇ.

ಕಾಲ್‌ಸೈನಿನ ವಿಷಯವೇ ಬೇರೆ. 2008ರಲ್ಲಿ ಬಂದ ಸಿಡಬ್ಲ್ಯು ಸ್ಕಿಮ್ಮರ್ ಎಂಬ ತಂತ್ರಾಂಶ ಬ್ಯಾಂಡ್‌ನಲ್ಲಿ ಮೊಳಗುತ್ತಿರುವ ಹತ್ತಾರು ಮೋರ್ಸ್ ಸಿಗ್ನಲ್‌ಗಳನ್ನು ಒಟ್ಟಿಗೇ ಓದುತ್ತದೆ. ಇಂಥ ಸ್ಕಿಮ್ಮರ್‌ಗಳನ್ನು ಲೋಕದ ನಾನಾ ಕಡೆ ಇಟ್ಟು ಇಂಟರ್‌ನೆಟ್ಟಿನಲ್ಲಿ ಜೋಡಿಸಿದ್ದೇ ರಿವರ್ಸ್ ಬೀಕನ್ ನೆಟ್‌ವರ್ಕ್. ಯಾರಾದರೂ ಸಿಕ್ಯೂ ಕೂಗಿದ ಕೆಲವೇ ಸೆಕೆಂಡುಗಳಲ್ಲಿ ಅವರ ಕಾಲ್‌ಸೈನ್, ಫ್ರೀಕ್ವೆನ್ಸಿ ಎರಡೂ ತೆರೆಯ ಮೇಲೆ ಬರುತ್ತವೆ. ಇದೇ ಸ್ಪಾಟ್. ಅದರ ಮೇಲೆ ಕ್ಲಿಕ್ ಮಾಡಿದರೆ ರೇಡಿಯೊ ತಾನಾಗಿ ಅಲ್ಲಿಗೆ ಹೋಗಿ ನಿಲ್ಲುತ್ತದೆ, ಕಾಲ್‌ಸೈನ್ ಲಾಗಿನಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ.

ಇದು ಎಲ್ಲಿ ಎಡವುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ನಿಮಿಷಕ್ಕೆ 30 ಪದಗಳ ವೇಗದಲ್ಲಿ ಮೋರ್ಸ್‌ನ ಒಂದು ಚುಕ್ಕೆ 40 ಮಿಲಿಸೆಕೆಂಡು, ಒಂದು ಗೆರೆ 120 ಮಿಲಿಸೆಕೆಂಡು. ‘ಜೆ’ ಅಕ್ಷರಕ್ಕೆ ಒಂದು ಚುಕ್ಕೆ, ಮೂರು ಗೆರೆ. ‘ಡಬ್ಲ್ಯು’ಗೆ ಒಂದು ಚುಕ್ಕೆ, ಎರಡು ಗೆರೆ. ಸಿಗ್ನಲ್ ಒಂದು ಗಳಿಗೆ ಮಂಕಾಗಿ ಕೊನೆಯ ಗೆರೆ ಮುಳುಗಿತೋ, ಜಪಾನಿನ ‘ಜೆಎ’ ಅಮೆರಿಕದ ‘ಡಬ್ಲ್ಯುಎ’ ಆಗಿಬಿಡುತ್ತದೆ. ಹಾಗೆಯೇ 5ರ ಒಂದು ಚುಕ್ಕೆ ಹೋದರೆ ‘ಎಚ್’, 6ರ ಒಂದು ಚುಕ್ಕೆ ಹೋದರೆ ‘ಬಿ’. ಒಳ್ಳೆಯ ಆಪರೇಟರ್ ಕೂಡ ಮೊದಲ ಸಲ ತಪ್ಪಾಗಿಯೇ ಕೇಳಬಹುದು. ಆದರೆ ಆಂಟೆನಾ ಪೂರ್ವಕ್ಕೆ ತಿರುಗಿದೆ, ಈ ಹೊತ್ತಿಗೆ ಅಮೆರಿಕಕ್ಕೆ ದಾರಿ ತೆರೆದಿಲ್ಲ ಎಂಬುದು ಅವನಿಗೆ ಗೊತ್ತು. ಅನುಮಾನ ಬಂದು ಇನ್ನೊಮ್ಮೆ ಕಾಯುತ್ತಾನೆ. ಸ್ಪಾಟ್ ನಂಬಿದವನು ಕಾಯುವುದಿಲ್ಲ. ಅವನ ಕಿವಿಯೂ ತೆರೆ ಹೇಳಿದ್ದನ್ನೇ ಕೇಳತೊಡಗುತ್ತದೆ, ಇದು ಇನ್ನೂ ಅಪಾಯ.

ಲೆಕ್ಕ ಹಾಕಿ ನೋಡಿ. ತಪ್ಪು ಕಾಲ್‌ಸೈನ್ ದಾಖಲಿಸಿದರೆ ಆ ಸಂಪರ್ಕದ 3 ಅಂಕ ಹೋಗುವುದಲ್ಲದೆ ಅದರ ಎರಡರಷ್ಟು, ಅಂದರೆ 6 ಅಂಕ ದಂಡ ಬೀಳುತ್ತದೆ. ಒಟ್ಟು 9. ಲಾಗಿನಲ್ಲಿ 300 ಮಲ್ಟಿಪ್ಲೈಯರ್ ಇದ್ದರೆ ಅಂತಿಮ ಮೊತ್ತದಲ್ಲಿ 2,700 ಕಡಿತ. ಆ ಸುಳ್ಳು ಸ್ಟೇಷನ್ನೇ ಹೊಸ ಮಲ್ಟಿಪ್ಲೈಯರ್ ಎಂದು ಎಣಿಕೆಯಾಗಿದ್ದರೆ ಅದೂ ಹೋಯಿತು. ಉಳಿಸಿದ್ದು ಒಂದೆರಡು ಸೆಕೆಂಡು. ಸ್ಪಾಟ್ ಬಳಸುವವರು ಒಂದೇ ಸ್ಕಿಮ್ಮರಿನ ಮಾತಿಗೆ ಬೀಳದೆ, ಕನಿಷ್ಠ ಮೂರು ಸ್ಕಿಮ್ಮರ್‌ಗಳು ಒಪ್ಪಿದ್ದನ್ನಷ್ಟೇ ತೋರಿಸುವಂತೆ ಫಿಲ್ಟರ್ ಇಟ್ಟುಕೊಳ್ಳಬೇಕು. ಅದಾದ ಮೇಲೂ ಆ ಸ್ಟೇಷನ್ ತನ್ನ ಕಾಲ್‌ಸೈನನ್ನು ತಾನೇ ಒಮ್ಮೆ ಹೇಳುವವರೆಗೆ ಎಂಟರ್ ಒತ್ತಬಾರದು.

ಹಿಂದಿನ ಲಾಗ್‌ಗಳಿಂದ ವಲಯವನ್ನು ಮೊದಲೇ ತುಂಬಿಡುವ ಸೌಲಭ್ಯವೂ ಇಂಥದೇ ಬಲೆ. ಕಾಲ್‌ಸೈನಿನಲ್ಲಿ 6 ಇರುವ ಅಮೆರಿಕನ್ ಸ್ಟೇಷನ್ ಸಾಮಾನ್ಯವಾಗಿ ಪಶ್ಚಿಮದ 3ನೇ ವಲಯದ್ದು. ಮನೆ ಬದಲಿಸಿ ಪೂರ್ವ ಕರಾವಳಿಗೆ ಬಂದವರು ಹಳೆಯ ಕಾಲ್‌ಸೈನಿನಲ್ಲೇ 5 ಎಂದು ಕಳಿಸುತ್ತಿರುತ್ತಾರೆ. ತೆರೆಯಲ್ಲಿ 3 ಇದೆ, ಕಿವಿಗೆ 5 ಬಿದ್ದಿದೆ. ಯಾವುದನ್ನು ಬರೆಯುತ್ತೀರಿ ಎನ್ನುವುದರಲ್ಲಿ ಆಪರೇಟರ್ ಯಾರೆಂಬುದು ತಿಳಿದುಹೋಗುತ್ತದೆ.

ಇನ್ನೊಂದು ಕೇಡನ್ನು ಕರೆಗಳನ್ನು ಕೇಳಿಸಿಕೊಳ್ಳುವ ಬದಿಯಲ್ಲಿ ಕೂತವರಷ್ಟೇ ಬಲ್ಲರು. ಅಪರೂಪದ ಸ್ಟೇಷನ್ನಿನ ಸ್ಪಾಟ್ ಬಿದ್ದ ತಕ್ಷಣ ಎಲ್ಲರೂ ಅದನ್ನೇ ಕ್ಲಿಕ್ ಮಾಡುತ್ತಾರೆ. ಎಲ್ಲರ ರೇಡಿಯೊ ಹತ್ತು ಹರ್ಟ್ಸ್ ಕೂಡ ಆಚೀಚೆಯಾಗದೆ ಒಂದೇ ಕಡೆ ನಿಲ್ಲುತ್ತದೆ, ಎಲ್ಲರೂ ಒಂದೇ ಕ್ಷಣಕ್ಕೆ ಕಾಲ್‌ಸೈನ್ ಬಡಿಯುತ್ತಾರೆ. ಅಲ್ಲಿ ಕೇಳಿಸುವುದು ಒಂದೇ ಸಮನೆ ‘ಕುಂಯ್’ ಎನ್ನುವ ಸದ್ದು, ಒಂದಕ್ಷರವೂ ಬಿಡಿಯಾಗಿ ಸಿಗದು. ಡಯಲ್ ತಿರುಗಿಸಿ ಹುಡುಕುತ್ತಿದ್ದ ಕಾಲದಲ್ಲಿ ಪ್ರತಿಯೊಬ್ಬರೂ ಒಂದಿಷ್ಟು ಆಚೀಚೆ ನಿಲ್ಲುತ್ತಿದ್ದರು, ಸ್ವರ ಬೇರೆಬೇರೆ ಇರುತ್ತಿತ್ತು, ಕಿವಿ ಬೇರ್ಪಡಿಸುತ್ತಿತ್ತು. ಇದಕ್ಕೆ ಪರಿಹಾರ ಸುಲಭ: ಕಳಿಸುವ ಫ್ರೀಕ್ವೆನ್ಸಿಯನ್ನಷ್ಟೇ ಸರಿಸುವ ಎಕ್ಸ್‌ಐಟಿ ಗುಂಡಿಯಿಂದ 80ರಿಂದ 150 ಹರ್ಟ್ಸ್ ಮೇಲಕ್ಕೋ ಕೆಳಕ್ಕೋ ಸರಿಯಿರಿ, ಅರ್ಧ ಸೆಕೆಂಡು ತಡೆದು ಕಾಲ್‌ಸೈನನ್ನು ಒಂದೇ ಸಲ ಕಳಿಸಿ. ನೂರು ವಾಟಿನವನು ಸಾವಿರ ವಾಟಿನವನಿಗಿಂತ ಮೊದಲು ಉತ್ತರ ಪಡೆಯುವುದು ಹೀಗೆಯೇ. ಇದನ್ನು ಯಾವ ಸ್ಪಾಟೂ ಹೇಳಿಕೊಡುವುದಿಲ್ಲ.

ಸ್ಕಿಮ್ಮರ್‌ಗೆ ಕಾಣದ್ದೂ ಇದೆ. ಅದು ಬಹುಪಾಲು ಸಿಕ್ಯೂ ಕೂಗುವವರನ್ನಷ್ಟೇ ವರದಿ ಮಾಡುತ್ತದೆ. ಸುಮ್ಮನೆ ಹುಡುಕುತ್ತ ಬಂದು ನಿಮ್ಮನ್ನು ಕರೆಯುವ ಅಪರೂಪದ ಸ್ಟೇಷನ್ ಬೇಕಿದ್ದರೆ ಒಂದು ಫ್ರೀಕ್ವೆನ್ಸಿಯಲ್ಲಿ ಕೂತು ಸಿಕ್ಯೂ ಕೂಗಬೇಕು. ಸ್ಪಾಟ್‌ಗಳ ಹಿಂದೆ ಓಡುವವನ ಗಂಟೆವಾರು ಸಂಪರ್ಕ ಕುಸಿಯುವುದು ಇದರಿಂದಲೇ.

ಡಿಜಿಟಲ್ ವಿಧಾನಗಳಲ್ಲಿ ಕಿವಿಗೆ ಜಾಗವೇ ಇಲ್ಲ ಎನ್ನುವವರಿದ್ದಾರೆ. ಅದು ನಿಜ. 2017ರಲ್ಲಿ ಬಂದ ಎಫ್‌ಟಿ8 ಎಂಬ ಡಿಜಿಟಲ್ ವಿಧಾನ ಹದಿನೈದು ಸೆಕೆಂಡಿನ ಸರದಿಗಳಲ್ಲಿ, ಗದ್ದಲಕ್ಕಿಂತ ಸುಮಾರು 20 ಡೆಸಿಬೆಲ್ ಕೆಳಗಿನ ಸಿಗ್ನಲನ್ನೂ ಓದುತ್ತದೆ. ಸ್ಪರ್ಧೆಗೆಂದೇ ಮಾಡಿದ ಎಫ್‌ಟಿ4ರ ಸರದಿ 7.5 ಸೆಕೆಂಡು. ಆದರೆ ಇಲ್ಲೂ ಕೈಚಳಕ ಮಾಯವಾಗಿಲ್ಲ, ಜಾಗ ಬದಲಿಸಿದೆ. ಕಂಪ್ಯೂಟರಿನ ಗಡಿಯಾರ ಒಂದು ಸೆಕೆಂಡಿನೊಳಗೆ ಸರಿಯಿರಬೇಕು. ಆಡಿಯೊ ಮಿತಿಮೀರಿದ್ದನ್ನು ತೋರಿಸುವ ಎಎಲ್‌ಸಿ ಮುಳ್ಳು ಅಲುಗದಷ್ಟು ಆಡಿಯೊ ತಗ್ಗಿಸಬೇಕು, ಇಲ್ಲವಾದರೆ ನಿಮ್ಮ ಒಂದು ಸಿಗ್ನಲ್ ನಾಲ್ಕಾಗಿ ಹರಡಿ ಪಕ್ಕದವರ ಜಾಗ ತಿನ್ನುತ್ತದೆ. ತಂತ್ರಾಂಶದ ಸ್ಪ್ಲಿಟ್ ಆಯ್ಕೆ ಹಾಕಿಕೊಂಡರೆ ಕಳಿಸುವ ಸ್ವರ 1,500ರಿಂದ 2,000 ಹರ್ಟ್ಸ್ ನಡುವೆಯೇ ಉಳಿಯುತ್ತದೆ. ಅದರ ಎರಡನೇ ಹಾರ್ಮೋನಿಕ್ (ಇಮ್ಮಡಿ ಫ್ರೀಕ್ವೆನ್ಸಿಯ ಬೇಡದ ಸ್ವರ) 3,000ಕ್ಕಿಂತ ಮೇಲೆ ಬಿದ್ದು ಟ್ರಾನ್ಸ್‌ಮಿಟರ್ ಫಿಲ್ಟರಿನಲ್ಲೇ ಸಾಯುತ್ತದೆ. ಇದನ್ನು ಮಾಡದವರು ಎಷ್ಟು ಮಂದಿ ಎಂಬುದು ಯಾವುದೇ ವಾರಾಂತ್ಯ ವಾಟರ್‌ಫಾಲ್ (ಸಿಗ್ನಲ್‌ಗಳನ್ನು ಗೆರೆಗಳಾಗಿ ತೋರಿಸುವ ತೆರೆ) ನೋಡಿದರೆ ತಿಳಿಯುತ್ತದೆ.

ಆದರೆ ಆಪರೇಟರ್ ಮಲಗಿದ್ದಾಗಲೂ ತಾನೇ ಕರೆದು, ಉತ್ತರಿಸಿ, ಲಾಗ್ ಬರೆಯುವ ರೋಬಾಟನ್ನು ಇಂಥ ಆಪರೇಟರ್‌ಗಳ ಸಾಲಿನಲ್ಲಿ ಕೂರಿಸಲಾಗದು. ಅಮೆರಿಕದ ಹವ್ಯಾಸಿ ರೇಡಿಯೊ ಸಂಘವಾದ ಎಆರ್‌ಆರ್‌ಎಲ್, ನೂರು ದೇಶಗಳನ್ನಾದರೂ ಸಂಪರ್ಕಿಸಿದವರಿಗೆ ಕೊಡುವ ತನ್ನ ಡಿಎಕ್ಸ್‌ಸಿಸಿ ಪ್ರಶಸ್ತಿಗೆ, ಪ್ರತಿ ಸಂಪರ್ಕವನ್ನೂ ಎರಡೂ ಬದಿಯ ಆಪರೇಟರ್‌ಗಳು ಆ ಹೊತ್ತಿನಲ್ಲಿ ಖುದ್ದಾಗಿ ಆರಂಭಿಸಿರಬೇಕು ಎಂದು ನಿಯಮ ಮಾಡಿದೆ. ಸ್ಪರ್ಧೆಗಳಿಗೂ ಇಷ್ಟು ಸಾಕು. ರೋಬಾಟ್ ಕಟ್ಟುವುದು ಸಣ್ಣ ಕೆಲಸವಲ್ಲ, ಕಟ್ಟಿದವರಿಗೆ ಬೇರೆಯೇ ವಿಭಾಗ ಕೊಟ್ಟರೆ ಯಾರಿಗೂ ನಷ್ಟವಿಲ್ಲ.

ಸಿಕ್ಯೂ ಸ್ಪರ್ಧೆಯ ನಿಯಮ ಈ ಗೆರೆಯನ್ನು ಆಗಲೇ ಸರಿಯಾದ ಜಾಗದಲ್ಲಿ ಎಳೆದಿದೆ ಎಂಬುದು ನಮ್ಮ ಅಭಿಪ್ರಾಯ. ಕಾಲ್‌ಸೈನನ್ನು ಫ್ರೀಕ್ವೆನ್ಸಿಯ ಜೊತೆ ತಿಳಿಸುವ ಯಾವುದೇ ಸೌಲಭ್ಯ ‘ನೆರವು’ ಎನಿಸಿಕೊಳ್ಳುತ್ತದೆ. ನಿಮ್ಮದೇ ಮೇಜಿನ ಮೇಲಿನ ಸ್ಕಿಮ್ಮರ್ ಕೂಡ. ಸಿಗ್ನಲ್‌ಗಳನ್ನು ಬರೀ ಗೆರೆಗಳಾಗಿ ತೋರಿಸುವ ತೆರೆಗೆ ಅಡ್ಡಿಯಿಲ್ಲ, ಅದು ಹೆಸರು ಹೇಳುವುದಿಲ್ಲವಲ್ಲ. ಒಂದೇ ರೇಡಿಯೊ, ನೆರವಿಲ್ಲ, 24 ಗಂಟೆಯ ಮಿತಿ ಎನ್ನುವ ಕ್ಲಾಸಿಕ್ ವಿಭಾಗವೂ ಇದೆ. 1990ರಲ್ಲಿ ಸಿಯಾಟಲ್‌ನಲ್ಲಿ ಶುರುವಾದ, ತಂಡಗಳ ವಿಶ್ವ ಚಾಂಪಿಯನ್‌ಶಿಪ್ ಆದ ಡಬ್ಲ್ಯುಆರ್‌ಟಿಸಿಯಂಥ ಕೂಟಗಳಲ್ಲಿ ಎಲ್ಲ ತಂಡಗಳಿಗೂ ಸಮಾನ ಆಂಟೆನಾ, ಸಮಾನ ಶಕ್ತಿ ಕೊಟ್ಟು, ಪಕ್ಕದಲ್ಲಿ ರೆಫರಿ ಕೂರಿಸುತ್ತಾರೆ. ಅಲ್ಲೂ ಅಂಕಗಳು ಸಮವಾಗುವುದಿಲ್ಲ, ಉಳಿದ ವ್ಯತ್ಯಾಸ ಆಪರೇಟರದ್ದು.

ಕೊರತೆ ನಿಯಮದಲ್ಲಿಲ್ಲ, ಲಾಗ್ ಕಳಿಸುವ ಕೈಯಲ್ಲಿದೆ. ನೆರವಿಲ್ಲ ಎಂದು ನಮೂದಿಸಿ ಪಕ್ಕದ ಫೋನಿನಲ್ಲಿ ಸ್ಪಾಟ್ ನೋಡುವವರು, ಸ್ಪಾಟ್ ಬಿದ್ದ ಹೊತ್ತನ್ನೂ ಲಾಗಿನ ಹೊತ್ತನ್ನೂ ಪರಿಶೀಲಕರು ಅಕ್ಕಪಕ್ಕ ಇಟ್ಟು ನೋಡಬಲ್ಲರು ಎಂಬುದನ್ನು ಮರೆಯುತ್ತಾರೆ. ಮುಂಚೂಣಿಗೆ ಪೈಪೋಟಿ ನಡೆಸುವವರು ಇಡೀ ಸ್ಪರ್ಧೆಯ ಆಡಿಯೊ ರೆಕಾರ್ಡ್ ಇಟ್ಟುಕೊಳ್ಳಬೇಕೆಂಬ ನಿಯಮ ಇರುವುದೂ ಇದಕ್ಕೇ. 48 ಗಂಟೆಯಲ್ಲಿ ಒಂದೇ ಒಂದು ಸಲ ಕ್ಲಸ್ಟರ್ (ಸ್ಪಾಟ್‌ಗಳ ಆನ್‌ಲೈನ್ ಪಟ್ಟಿ) ತೆರೆದಿದ್ದರೂ, ಲಾಗ್ ಕಳಿಸುವ ಕ್ಯಾಬ್ರಿಲೊ ಕಡತದ ತಲೆಬರಹದಲ್ಲಿ ‘ಕೆಟಗರಿ-ಅಸಿಸ್ಟೆಡ್’ ಎಂಬ ಸಾಲಿನ ಮುಂದೆ ‘ಅಸಿಸ್ಟೆಡ್’ ಎಂದೇ ಬರೆಯಿರಿ. ಲಾಗಿಂಗ್ ತಂತ್ರಾಂಶ ಕಳೆದ ಸಲದ ಆಯ್ಕೆಯನ್ನೇ ಉಳಿಸಿಕೊಂಡಿರಬಹುದು. ಕಳಿಸುವ ಮುನ್ನ ಆ ಸಾಲನ್ನು ತೆರೆದು ನೋಡಿ.

ಇತಿ,
ಹವ್ಯಾಸಿ ರೇಡಿಯೊ ಆಪರೇಟರ್‌ಗಳು